ಮೇಜ್ ಅನ್ನೋ ಪದ ಎಲ್ಲಿಂದ ಬಂತು? ಕನ್ನಡದಲ್ಲಿ ಇದಕ್ಕೆ ಏನನ್ನೋಣ?

ಟೀಚರ್_ಹಾವೇರಿ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಗೋಡೆ ಪತ್ರಿಕೆಯಲ್ಲಿ ವಾರಕ್ಕೊಂದು ಒಗಟು ಹಾಕುತ್ತೇವೆ. ಈ ಸಲ ಮಕ್ಕಳು "ಮೊಲಕ್ಕೆ ಗಜ್ಜರಿ ತನಕ ದಾರಿ ತೋರಿಸಿ" ಅನ್ನೋ ಥರದ್ದು ಬರೆದಿದ್ದಾರೆ. ಅದರ ಮೇಲೆ "ಮೇಜ್" ಅಂತ ಹೆಸರು ಹಾಕಿದ್ದಾರೆ. ಐದನೇ ಕ್ಲಾಸಿನ ಹುಡುಗಿ ಕೇಳಿದಳು, "ಮಿಸ್, ಇದು ಗೋವಿನಜೋಳದ ಮೇಜಾ, ಪುಸ್ತಕ ಇಡೋ ಮೇಜಾ?" ಒಳ್ಳೆ ಪ್ರಶ್ನೆ ಅಲ್ವಾ? ಕನ್ನಡ ಅಕ್ಷರದಲ್ಲಿ ಬರೆದರೆ ಮೂರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ತಿಳಿದವರು ಹೇಳಿ. ಈ ಇಂಗ್ಲಿಷ್ ಪದದ ಮೂಲ ಏನು? ಲ್ಯಾಬಿರಿಂತ್ ಅಂತಾರಲ್ಲ, ಅದೂ ಇದೂ ಒಂದೇನಾ? ಪೇಪರಿನವರು ಚಕ್ರವ್ಯೂಹ ಅಂತ ಬರೆಯುತ್ತಾರೆ. ಮಕ್ಕಳಿಗೆ ಅದನ್ನೇ ಹೇಳಬಹುದಾ?

ಪದದ_ಬೆನ್ನುಹತ್ತಿ

ಟೀಚರ್, ಮೊದಲು ಆ ಹುಡುಗಿಗೆ ಉತ್ತರ ಕೊಟ್ಟುಬಿಡೋಣ. ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ.

ಗೋವಿನಜೋಳದ ಮೇಜ್ ಹುಟ್ಟಿದ್ದು ಕೆರಿಬಿಯನ್ ದ್ವೀಪಗಳಲ್ಲಿ. ಅಲ್ಲಿನ ತೈನೋ ಜನ ಆ ಬೆಳೆಯನ್ನು "ಮಹಿಸ್" ಅನ್ನೋ ಹಾಗೆ ಕರೆಯುತ್ತಿದ್ದರು. 1492ರಲ್ಲಿ ಕೊಲಂಬಸ್ ಹಡಗು ಅಲ್ಲಿಗೆ ಹೋದ ಮೇಲೆ ಸ್ಪೇನಿನವರು ಬೆಳೆಯ ಜೊತೆ ಹೆಸರನ್ನೂ ಒಯ್ದರು. ಅವರಿಂದ ಇಂಗ್ಲಿಷಿಗೆ ಬಂತು. ಪುಸ್ತಕ ಇಡೋ ಮೇಜು ಪರ್ಷಿಯನ್ ಪದ. ಪೋರ್ಚುಗೀಸಿನಲ್ಲೂ ಅದೇ ಅರ್ಥಕ್ಕೆ "ಮೇಸಾ" ಅಂತ ಇದೆ.

ದಾರಿ ಹುಡುಕೋ ಮೇಜ್ ಮಾತ್ರ ಅಪ್ಪಟ ಇಂಗ್ಲಿಷ್. ನನಗೆ ಇದರಲ್ಲಿ ತುಂಬಾ ಇಷ್ಟವಾಗೋ ಸಂಗತಿ ಏನು ಗೊತ್ತಾ? ಈ ಪದ ಮೊದಲು ಗೋಡೆ, ಬೇಲಿ, ಓಣಿ ಯಾವುದಕ್ಕೂ ಹೆಸರಾಗಿರಲಿಲ್ಲ. ತಲೆ ಕೆಡೋದಕ್ಕೆ ಹೆಸರಾಗಿತ್ತು. ಸುಮಾರು 1300ರ ಹೊತ್ತಿನ ಇಂಗ್ಲಿಷ್ ಬರಹದಲ್ಲಿ "ಮೇಜ್" ಅಂದರೆ ಭ್ರಮೆ, ಗಲಿಬಿಲಿ, ಮಂಕು ಕವಿದ ಸ್ಥಿತಿ. ಒಬ್ಬ ಮನುಷ್ಯ ಕಕ್ಕಾಬಿಕ್ಕಿಯಾಗಿ ನಿಂತಿದ್ದರೆ ಅವನು ಮೇಜಿನಲ್ಲಿದ್ದಾನೆ ಅಂತ ಅರ್ಥ. ಅದೇ ಶತಮಾನದ ಕೊನೆಗೆ, ಚಾಸರ್ ಕವಿಯ ಕಾಲಕ್ಕೆ, ಹಾಗೆ ತಲೆ ಕೆಡಿಸೋ ಕಟ್ಟಡಕ್ಕೂ ಅದೇ ಹೆಸರು ಅಂಟಿಕೊಂಡಿತು. ಗ್ರೀಕ್ ಕಥೆಯ ಡೀಡಲಸ್ ಕಟ್ಟಿದ ಮನೆಯನ್ನು ಹೇಳುವಾಗ ಚಾಸರ್ ಈ ಪದವನ್ನೇ ಬಳಸಿದ್ದಾನೆ.

ಇದರ ಅಕ್ಕ "ಅಮೇಜ್". ಈಗ ನಾವು "ಅಮೇಜಿಂಗ್" ಅಂದರೆ ಸೂಪರ್ ಅಂತ ಅಂದುಕೊಳ್ಳುತ್ತೇವೆ. ಹಳೆ ಇಂಗ್ಲಿಷಿನಲ್ಲಿ ಆ ಕ್ರಿಯಾಪದಕ್ಕೆ ಗಲಿಬಿಲಿ ಮಾಡು, ದಿಕ್ಕು ತೋಚದ ಹಾಗೆ ಮಾಡು ಅನ್ನೋ ಅರ್ಥ ಇತ್ತು. ಬೆರಗಿನ ಅರ್ಥ ಬಂದದ್ದು ಆಮೇಲೆ.

ಕುತೂಹಲಿ_ದಾವಣಗೆರೆ

ಅಮೇಜಿಂಗ್ ಒಳಗೆ ಮೇಜ್ ಕೂತಿದೆ ಅಂತ ಇವತ್ತೇ ಕಣ್ಣಿಗೆ ಬಿತ್ತು! ಲ್ಯಾಬಿರಿಂತ್ ಕಥೆನೂ ಹೇಳಿಬಿಡಿ ಸರ್.

ಇನ್ನೊಂದು ಮಾತು. ನಮ್ಮ ಕಡೆ ಮೆಕ್ಕೆಜೋಳ ಅಂತೀವಿ, ಹಾವೇರಿ ಧಾರವಾಡದ ಕಡೆ ಗೋವಿನಜೋಳ, ಮೈಸೂರಿನ ಕಡೆ ಮುಸುಕಿನ ಜೋಳ. ಈಗ ಅಮೆರಿಕಾದಲ್ಲಿ ಆಳೆತ್ತರ ಬೆಳೆದ ಜೋಳದ ಹೊಲದಲ್ಲೇ ದಾರಿ ಕತ್ತರಿಸಿ ಈ ಆಟ ಮಾಡುತ್ತಾರೆ. 1993ರಲ್ಲಿ ಪೆನ್ಸಿಲ್ವೇನಿಯಾದ ಆನ್‌ವಿಲ್ ಅನ್ನೋ ಊರಲ್ಲಿ ದೊಡ್ಡದಾಗಿ ಮಾಡಿದ ಮೇಲೆ ಎಲ್ಲ ಕಡೆ ಹಬ್ಬಿತು. ಇಂಗ್ಲೆಂಡಿನಲ್ಲಿ ಅದಕ್ಕೆ "ಮೇಜ್ ಮೇಜ್" ಅಂತಲೇ ಹೆಸರು. ಒಂದು ಜೋಳ, ಒಂದು ಗಲಿಬಿಲಿ. ಆ ಹುಡುಗಿಗೆ ಇದನ್ನೂ ಹೇಳಿ ಮೇಡಂ.

ಪದದ_ಬೆನ್ನುಹತ್ತಿ

ಲ್ಯಾಬಿರಿಂತ್ ತುಂಬಾ ಹಳೇದು. ಗ್ರೀಕ್ ಭಾಷೆಯಲ್ಲಿ "ಲಬುರಿಂಥೋಸ್". ಆದರೆ ಗ್ರೀಕರಿಗೂ ಇದು ಬೇರೆಯವರಿಂದ ಬಂದದ್ದು. ಕೊನೆಯ "ಇಂಥೋಸ್" ನೋಡಿ. ಕೊರಿಂಥೋಸ್ ಅನ್ನೋ ಊರ ಹೆಸರಲ್ಲೂ ಅದೇ ಇದೆ. ಗ್ರೀಕರು ಬರುವ ಮೊದಲು ಅಲ್ಲಿದ್ದ ಜನರ ಮಾತಿನ ಗುರುತು ಅದು.

ಕ್ರೀಟ್ ದ್ವೀಪದ ಕ್ನೊಸೋಸ್ ಅರಮನೆಯಲ್ಲಿ ಸಿಕ್ಕ ಒಂದು ಮಣ್ಣಿನ ಹಲಗೆ ಇದೆ. 3300 ವರ್ಷಕ್ಕಿಂತ ಹಳೆಯದು. ಅದರ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿದ. ಓದಿ ನೋಡಿದರೆ ಲೆಕ್ಕದ ಚೀಟಿ. ಎಲ್ಲ ದೇವರುಗಳಿಗೆ ಒಂದು ಮಡಕೆ ಜೇನು, "ದಪುರಿತೋ" ಒಡತಿಗೆ ಒಂದು ಮಡಕೆ ಜೇನು ಅಂತ ಬರೆದಿದೆ. ಈ ದಪುರಿತೋ ಅನ್ನೋದೇ ಲಬುರಿಂಥೋಸ್ ಅಂತ ತಿಳಿದವರು ಓದುತ್ತಾರೆ. ಎಲ್ಲ ದೇವರಿಗೂ ಸೇರಿ ಒಂದು ಮಡಕೆ, ಆಯಮ್ಮನಿಗೆ ಒಬ್ಬಳಿಗೇ ಒಂದು ಮಡಕೆ! ಎಷ್ಟು ದೊಡ್ಡ ದೇವತೆ ಇರಬೇಕು ನೋಡಿ.

"ಲಾಬ್ರಿಸ್" ಅಂದರೆ ಎರಡು ಬಾಯಿಯ ಕೊಡಲಿ, ಅದರಿಂದಲೇ ಲ್ಯಾಬಿರಿಂತ್ ಬಂತು ಅಂತ ತುಂಬಾ ಕಡೆ ಓದುತ್ತೀರಿ. 1900ರಿಂದ ಕ್ನೊಸೋಸ್ ಅಗೆದ ಆರ್ಥರ್ ಇವಾನ್ಸ್‌ಗೆ ಆ ವಾದ ಬಹಳ ಹಿಡಿಸಿತ್ತು. ಅರಮನೆಯ ಕಲ್ಲುಗಳ ಮೇಲೆ ಆ ಕೊಡಲಿ ಗುರುತು ಬೇಕಾದಷ್ಟಿದೆ. ಆದರೆ ಲಾಬ್ರಿಸ್ ಅನ್ನೋದು ಲಿಡಿಯಾದವರ ಪದ ಅಂತ ಪ್ಲುಟಾರ್ಕ್ ಅನ್ನೋ ಹಳೇ ಗ್ರೀಕ್ ಲೇಖಕ ಬರೆದಿದ್ದಾನೆ. ಲಿಡಿಯಾ ಇದ್ದದ್ದು ಈಗಿನ ಟರ್ಕಿಯಲ್ಲಿ. ಕ್ರೀಟಿನವರು ಆ ಪದ ಬಳಸಿದ್ದಕ್ಕೆ ಗುರುತಿಲ್ಲ. ನನ್ನ ಮಟ್ಟಿಗೆ ಇದು ಕೇಳೋಕೆ ಚೆಂದ, ನಂಬೋಕೆ ಕಷ್ಟ.

ಲಂಡನ್_ವಾಸಿ_ಶಿರಸಿಯವ

ಒಂದೇನಾ ಬೇರೆನಾ ಅನ್ನೋದಕ್ಕೆ ಇಲ್ಲಿನವರು ಕೊಡೋ ಉತ್ತರ ಸರಳ. ಲ್ಯಾಬಿರಿಂತ್ ಅಂದರೆ ಒಂದೇ ದಾರಿ. ಎಷ್ಟು ಸುತ್ತಿದರೂ ಕವಲು ಇಲ್ಲ, ನಡೀತಾ ಹೋದರೆ ನಡುವಿಗೆ ತಲುಪುತ್ತೀರಿ. ಮೇಜ್ ಅಂದರೆ ಕವಲು ದಾರಿ, ಮುಚ್ಚಿದ ಓಣಿ. ಫ್ರಾನ್ಸಿನ ಶಾರ್ಟ್ರ್ ಚರ್ಚಿನ ನೆಲದ ಮೇಲೆ 13ನೇ ಶತಮಾನದಲ್ಲಿ ಹಾಸಿದ ಕಲ್ಲಿನ ಚಿತ್ರ ಮೊದಲ ಜಾತಿ. ಅಡ್ಡಗಲ ಸುಮಾರು 13 ಮೀಟರ್, ಹನ್ನೊಂದು ಸುತ್ತು, ಒಂದೂ ಕವಲಿಲ್ಲ. ಲಂಡನ್ ಹತ್ತಿರದ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಬೇಲಿ ಎರಡನೇ ಜಾತಿ. 1690ರ ದಶಕದಲ್ಲಿ ಮೂರನೇ ವಿಲಿಯಂ ರಾಜನಿಗಾಗಿ ನೆಟ್ಟದ್ದು.

ಆದರೆ ಈ ವ್ಯತ್ಯಾಸ ಇತ್ತೀಚಿನದು. ಬಳಸೋ ಜನ ಅದನ್ನು ಯಾವತ್ತೂ ಪೂರ್ತಿ ಒಪ್ಪಿಲ್ಲ. ಸ್ಯಾಫ್ರನ್ ವಾಲ್ಡನ್ ಅನ್ನೋ ಊರಲ್ಲಿ ಹುಲ್ಲುನೆಲದಲ್ಲಿ ಕೊರೆದ ದೊಡ್ಡ ಸುತ್ತು ಇದೆ. ದಾರಿಯ ಉದ್ದ ಸುಮಾರು ಒಂದೂವರೆ ಕಿಲೋಮೀಟರ್. ಒಂದೇ ದಾರಿ, ಕವಲೇ ಇಲ್ಲ. ಆದರೂ ಊರವರು ಅದನ್ನು ಕರೆಯೋದು ಮೇಜ್ ಅಂತಲೇ. ಆದ್ದರಿಂದ ನಿಘಂಟು ಹಿಡಿದು ಮಕ್ಕಳ ಮಾತು ತಿದ್ದೋಕೆ ಹೋಗಬೇಡಿ.

ಹ್ಯಾಂಪ್ಟನ್ ಕೋರ್ಟ್ ಬಗ್ಗೆ ಇನ್ನೊಂದೆರಡು ಮಾತು. ಅದರ ಹೆಸರು ಕೇಳಿದವರು ಎಕರೆಗಟ್ಟಲೆ ಇರುತ್ತೆ ಅಂದುಕೊಳ್ಳುತ್ತಾರೆ. ಇರೋದು ಸುಮಾರು 13 ಗುಂಟೆ. ಒಳಗೆ ಹೋದರೆ ಮಾತ್ರ ಅಳತೆ ಮರೆತುಹೋಗುತ್ತೆ. ಎರಡೂ ಕಡೆ ಆಳೆತ್ತರದ ಕಡು ಹಸಿರು ಗೋಡೆ. ಪಕ್ಕದ ಓಣಿಯಲ್ಲಿ ಮಕ್ಕಳು ನಗೋದು ಕೇಳುತ್ತೆ, ಅಲ್ಲಿಗೆ ಹೋಗೋ ದಾರಿ ಕಾಣಲ್ಲ. ಬಲಗೈ ಬೇಲಿ ಮೇಲಿಟ್ಟು, ತೆಗೆಯದೆ ನಡೆದರೆ ನಡುವಿಗೆ ತಲುಪಬಹುದು. ಮುಚ್ಚಿದ ಓಣಿಗೆ ನುಗ್ಗಿದರೂ ಕೈಯೇ ವಾಪಸ್ ಕರೆದುಕೊಂಡು ಬರುತ್ತೆ. 1901ರಲ್ಲಿ ಅಮೆರಿಕಾದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ವಿಲ್ಲರ್ಡ್ ಸ್ಮಾಲ್ ಅನ್ನೋ ವಿಜ್ಞಾನಿ ಇದೇ ನಕ್ಷೆ ನೋಡಿ ಇಲಿಗಳಿಗೆ ಮೇಜ್ ಮಾಡಿದ. ಆಮೇಲೆ ಮನಶ್ಶಾಸ್ತ್ರದ ಲ್ಯಾಬುಗಳಲ್ಲಿ ಇಲಿಯೂ ಮೇಜೂ ಬಿಡಿಸಲಾರದ ಜೋಡಿ ಆಗಿಬಿಟ್ಟವು.

ಗಣಿತ_ಗೆಳೆಯ

ಶಿರಸಿ ಅಣ್ಣ, ಬಲಗೈ ಉಪಾಯ ಎಲ್ಲ ಕಡೆ ನಡೆಯಲ್ಲ ಅನ್ನೋದನ್ನೂ ಸೇರಿಸಿ. ಒಳಗಿನ ಗೋಡೆಗಳೆಲ್ಲ ಹೊರಗೋಡೆಗೆ ಅಂಟಿಕೊಂಡಿದ್ದರೆ ಖಂಡಿತ ನಡೆಯುತ್ತೆ. ನಡುವಿನ ಜಾಗದ ಸುತ್ತ ಬೇರೆಯಾಗಿ ನಿಂತ ಗೋಡೆ ಇದ್ದರೆ, ನೀವು ಹೊರಗಿನ ಗೋಡೆ ಸವರುತ್ತಾ ಬಾಗಿಲಿಗೇ ವಾಪಸ್ ಬರುತ್ತೀರಿ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಚೆವನಿಂಗ್ ಅನ್ನೋ ಬಂಗಲೆಯಲ್ಲಿ ಬೇಕಂತಲೇ ಹಾಗೆ ನೆಟ್ಟರು.

ಎಲ್ಲ ಕಡೆ ನಡೆಯೋ ಉಪಾಯ ಟ್ರೆಮೋ ಅನ್ನೋ ಫ್ರೆಂಚ್ ಎಂಜಿನಿಯರನದು. ನಡೆದ ದಾರಿಗೆಲ್ಲ ಒಂದು ಗೆರೆ ಹಾಕಿ. ಎರಡು ಗೆರೆ ಬಿದ್ದ ದಾರಿಗೆ ಮತ್ತೆ ಕಾಲಿಡಬೇಡಿ. ಹೊಸ ಕವಲಿಗೆ ಬಂದರೆ ಯಾವುದಾದರೂ ಹೊಸ ದಾರಿ ಹಿಡಿಯಿರಿ. ಹೊಸ ದಾರಿಯಲ್ಲಿ ನಡೆದು ಹಳೇ ಕವಲಿಗೇ ಬಂದು ಸೇರಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಹಾಗೆ ಹಿಂದಕ್ಕೆ ಬಂದು ಕವಲು ಸಿಕ್ಕರೆ ಹೊಸ ದಾರಿ, ಅದಿಲ್ಲದಿದ್ದರೆ ಒಂದೇ ಗೆರೆಯ ದಾರಿ ಹಿಡಿಯಿರಿ. ಮಕ್ಕಳಿಗೆ ಸೀಮೆಸುಣ್ಣ ಕೊಟ್ಟರೆ ಅಂಗಳದಲ್ಲೇ ಮಾಡಿ ತೋರಿಸಬಹುದು.

ಹಳೇಬೀಡು_ನೆರೆಯವ

ಚಕ್ರವ್ಯೂಹದ ಮಾತು ಬಂದಿದ್ದಕ್ಕೆ ಹೇಳುತ್ತಿದ್ದೇನೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗೋ ಶಿಲ್ಪ ಇದೆ. ದೇವಸ್ಥಾನದ ಕೆಲಸ ಶುರುವಾದದ್ದು 1121ರಲ್ಲಿ. ಕೆಳಗೆ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದರ ಮೇಲೆ ರಾಮಾಯಣ ಮಹಾಭಾರತದ ಸಾಲು. ಬಂದವರು ದೊಡ್ಡ ದೇವರ ಮೂರ್ತಿಗಳನ್ನು ನೋಡುತ್ತಾ ಈ ಸಣ್ಣ ಸಾಲನ್ನು ದಾಟಿ ಹೋಗಿಬಿಡುತ್ತಾರೆ. ರಥ, ಕುದುರೆ, ಬಿಲ್ಲು ಹಿಡಿದವರ ನಡುವೆ ಶಿಲ್ಪಿ ಸೈನ್ಯವನ್ನು ಸುತ್ತು ಸುತ್ತಾದ ಓಣಿಯ ಹಾಗೆ ಕೊರೆದಿದ್ದಾನೆ. ಯುದ್ಧದ ವ್ಯೂಹವನ್ನು ಲ್ಯಾಬಿರಿಂತ್ ಮಾಡಿ ತೋರಿಸಿದ್ದಾನೆ.

ಆದರೂ ಮಕ್ಕಳ ಒಗಟಿಗೆ ಚಕ್ರವ್ಯೂಹ ಅನ್ನೋ ಹೆಸರು ನನಗೆ ಒಪ್ಪಿಗೆಯಿಲ್ಲ. ಅಭಿಮನ್ಯು ದಾರಿ ತಪ್ಪಿ ಸಾಯಲಿಲ್ಲ. ಅವನ ಹಿಂದೆ ಬರಬೇಕಾದ ಪಾಂಡವರನ್ನು ಜಯದ್ರಥ ಬಾಗಿಲಲ್ಲೇ ತಡೆದ. ಹುಡುಗ ಒಬ್ಬನೇ ಸಿಕ್ಕಿಬಿದ್ದ. ಸುತ್ತ ಮಹಾರಥರು ಸೇರಿ ಕೊಂದರು. ಅದು ಗಲಿಬಿಲಿಯ ಕಥೆಯಲ್ಲ, ಮೋಸದ ಕಥೆ. ಮೊಲಕ್ಕೂ ಗಜ್ಜರಿಗೂ ಆ ಹೆಸರು ಯಾಕೆ?

ಉಡುಪಿ_ಚೆಂಡೆ

ಹಳೇಬೀಡಿನವರೇ, ಒಂದು ಮಾತು. ನಾನು ಯಕ್ಷಗಾನದಲ್ಲಿ ಅಭಿಮನ್ಯು ಕಾಳಗ ನೋಡಿ ಬೆಳೆದವಳು. ಒಳಗೆ ನುಗ್ಗೋದು ಗೊತ್ತು, ಹೊರಗೆ ಬರೋದು ಗೊತ್ತಿಲ್ಲ ಅನ್ನೋದೇ ಆ ಪ್ರಸಂಗದ ಜೀವ. ದಾರಿ ಗೊತ್ತಿಲ್ಲ ಅಂದಮೇಲೆ ಅದು ಮೇಜ್ ಥರದ್ದೇ ಅಲ್ವಾ? ಜನ ಟ್ರಾಫಿಕ್ಕಿಗೆ, ಸಾಲಕ್ಕೆ, ಕೋರ್ಟು ಕೇಸಿಗೆ ಚಕ್ರವ್ಯೂಹ ಅನ್ನೋದು ಇದೇ ಅರ್ಥದಲ್ಲಿ.

ಹಳೇಬೀಡು_ನೆರೆಯವ

ಅಕ್ಕ, ಹೊರಗೆ ಬರೋದು ಅಂದರೆ ಅಲ್ಲಿ ದಾರಿ ಹುಡುಕೋದಲ್ಲ, ಎದುರಿಗೆ ನಿಂತ ಸೈನ್ಯವನ್ನು ಮತ್ತೆ ಸೀಳೋದು. ವ್ಯೂಹ ಗೋಡೆಯ ಹಾಗೆ ನಿಂತಿರಲ್ಲ, ನುಗ್ಗಿದವನ ಹಿಂದೆ ಮುಚ್ಚಿಕೊಳ್ಳುತ್ತೆ. ಸಾಲಕ್ಕೆ ಚಕ್ರವ್ಯೂಹ ಅನ್ನೋದು ಸರಿಯೇ. ಸಾಲದಲ್ಲಿ ಬಿದ್ದವನಿಗೆ ದಾರಿ ಕಾಣುತ್ತೆ, ಆದರೆ ಬಿಡೋರಿಲ್ಲ.

ಪದದ_ಬೆನ್ನುಹತ್ತಿ

ನೀವಿಬ್ಬರೂ ಎತ್ತಿದ ಪ್ರಶ್ನೆ ಗ್ರೀಕರಿಗೂ ಇದೆ. ಅವರ ಕಥೆಯಲ್ಲಿ ಮಿನೋಟಾರ್ ಅನ್ನೋ ಗೂಳಿತಲೆಯ ರಾಕ್ಷಸ ಲ್ಯಾಬಿರಿಂತಿನ ಒಳಗಿರುತ್ತಾನೆ. ಅವನನ್ನು ಕೊಲ್ಲೋಕೆ ಹೋದ ಥೀಸಿಯಸ್‌ಗೆ ಕ್ರೀಟ್ ರಾಜನ ಮಗಳು ಅರಿಯಾಡ್ನೆ ನೂಲಿನ ಉಂಡೆ ಕೊಡುತ್ತಾಳೆ. ನೂಲು ಬಿಚ್ಚುತ್ತಾ ಹೋಗು, ಸುತ್ತಿಕೊಳ್ಳುತ್ತಾ ವಾಪಸ್ ಬಾ ಅಂತ. ಆದರೆ ಕ್ನೊಸೋಸಿನ ಹಳೇ ನಾಣ್ಯಗಳ ಮೇಲೆ ಇರೋ ಲ್ಯಾಬಿರಿಂತ್ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ದಾರಿಯವು! ಗ್ರೀಸಿನ ಪೈಲೋಸ್ ಅರಮನೆಯಲ್ಲಿ ಸಿಕ್ಕ, ಕ್ರಿ.ಪೂ. 1200ರ ಹೊತ್ತಿನ ಲೆಕ್ಕದ ಹಲಗೆಯ ಹಿಂಬದಿಯಲ್ಲೂ ಯಾರೋ ಗುಮಾಸ್ತ ಅದೇ ಏಳು ಸುತ್ತಿನ ಚಿತ್ರ ಗೀಚಿದ್ದಾನೆ. ಕವಲೇ ಇಲ್ಲದ ದಾರಿಗೆ ನೂಲು ಯಾಕೆ ಬೇಕಿತ್ತು? ಕಥೆ ಹೇಳುವವರ ತಲೆಯಲ್ಲಿ ಇದ್ದದ್ದು ಒಂದು, ಚಿತ್ರ ಬರೆಯುವವರ ಕೈಯಲ್ಲಿ ಇದ್ದದ್ದು ಇನ್ನೊಂದು. ಹಳೇಬೀಡಿನಲ್ಲೂ ಅದೇ ಆಗಿದೆ ಅನ್ನಿಸುತ್ತೆ ನನಗೆ.

ಆ ನೂಲಿನ ಉಂಡೆಗೆ ಇಂಗ್ಲಿಷಿನಲ್ಲಿ "ಕ್ಲೂ" ಅಂತ ಹೆಸರಿತ್ತು. ಪತ್ತೇದಾರಿ ಕಥೆಗಳಲ್ಲಿ ಪೊಲೀಸರಿಗೆ ಕ್ಲೂ ಸಿಕ್ಕಿತು ಅಂತೀವಲ್ಲ, ಅದು ಇದೇ. ಅರಿಯಾಡ್ನೆಯ ಉಂಡೆಯಿಂದಲೇ ಸುಳಿವು ಅನ್ನೋ ಅರ್ಥ ಬಂದದ್ದು.

ಲಖನೌ_ಕನ್ನಡಿಗ

ನಮ್ಮ ಲಖನೌದ ಭೂಲ್ ಭುಲೈಯಾ ಬಿಟ್ಟರೆ ಹೇಗೆ? 1784ರಲ್ಲಿ ಬರಗಾಲ ಬಿದ್ದಿತ್ತು. ಜನರಿಗೆ ಕೂಲಿ ಸಿಗಲಿ ಅಂತ ನವಾಬ ಆಸಫ್ ಉದ್ ದೌಲಾ ಬಡಾ ಇಮಾಮ್‌ಬಾಡಾ ಅನ್ನೋ ದೊಡ್ಡ ಕಟ್ಟಡ ಕಟ್ಟಿಸೋಕೆ ಹಿಡಿದ. ಅದರ ನಡುವಿನ ಹಜಾರ ಸುಮಾರು 50 ಮೀಟರ್ ಉದ್ದ, ನಡುವೆ ಒಂದು ಕಂಬವಿಲ್ಲ, ತೊಲೆಯಿಲ್ಲ. ಅಷ್ಟು ದೊಡ್ಡ ಕಮಾನು ಚಾವಣಿಯ ಭಾರ ಹೊರೋಕೆ ಸುತ್ತಲೂ ಮೇಲೂ ದಪ್ಪ ಗೋಡೆ ಬೇಕು. ಗೋಡೆ ಗಟ್ಟಿಯಾಗಿ ತುಂಬಿಸಿದರೆ ಅದೇ ಭಾರ. ಅದಕ್ಕೇ ಒಳಗೆ ಟೊಳ್ಳು ಬಿಟ್ಟು ಓಣಿ, ಮೆಟ್ಟಿಲು, ಒಂದೇ ಥರದ ಬಾಗಿಲು ಇಟ್ಟರು. ಅದೇ ಭೂಲ್ ಭುಲೈಯಾ. ಜನರನ್ನು ದಾರಿ ತಪ್ಪಿಸೋಕೆ ಅಂತ ಕಟ್ಟಿದ್ದಲ್ಲ, ಕಟ್ಟಡ ನಿಲ್ಲಲಿ ಅಂತ ಕಟ್ಟಿದ್ದು.

ಹೆಸರು ನೋಡಿ. "ಭೂಲ್ನಾ" ಅಂದರೆ ಮರೆಯೋದು, ತಪ್ಪೋದು. ಒಳಗೆ ಹೋದವನಿಗೆ ಆಗೋ ಗತಿಯನ್ನೇ ಹೆಸರು ಮಾಡಿದ್ದಾರೆ. ಮೇಜ್ ಪದದ ಕಥೆ ಓದಿದಾಗ ನನಗೆ ಥಟ್ ಅಂತ ಹೊಳೆದದ್ದು ಇದು.

ಪದದ_ಬೆನ್ನುಹತ್ತಿ

ಲಖನೌ ಸರ್, ನೀವು ಹೇಳಿದ್ದರಿಂದ ದಾರಿ ಸಿಕ್ಕಿತು. ಜಗತ್ತಿನಲ್ಲಿ ಇದಕ್ಕೆ ಹೆಸರಿಡೋ ರೀತಿ ಎರಡು ಇದ್ದ ಹಾಗಿದೆ. ಒಂದು, ಒಳಗೆ ಹೋದವನಿಗೆ ಏನಾಗುತ್ತೆ ಅಂತ ನೋಡಿ ಇಡೋದು. ಇಂಗ್ಲಿಷಿನ ಮೇಜ್, ಹಿಂದಿಯ ಭೂಲ್ ಭುಲೈಯಾ. ಜರ್ಮನರು "ಇರ್‌ಗಾರ್ಟನ್" ಅಂತಾರೆ, ದಾರಿ ತಪ್ಪೋ ತೋಟ. ಡಚ್ಚರು "ಡೋಲ್‌ಹೋಫ್" ಅಂತಾರೆ, ಅಲೆಯೋ ಅಂಗಳ.

ಇನ್ನೊಂದು, ಸುಲಭಕ್ಕೆ ನುಗ್ಗಲಾಗದ ಊರಿನ ಹೆಸರಿಡೋದು. ಸ್ವೀಡನ್ನಿನ ಕಡಲ ದಂಡೆಯಲ್ಲಿ ಕಲ್ಲು ಜೋಡಿಸಿ ಮಾಡಿದ ಸುತ್ತುಗಳಿಗೆ "ಟ್ರೋಯಾಬೋರ್ಗ್", ಅಂದರೆ ಗ್ರೀಕ್ ಕಥೆಯ ಟ್ರಾಯ್ ಕೋಟೆ ಅಂತ ಹೆಸರು. ಇಂಗ್ಲೆಂಡಿನ ಹಳ್ಳಿಗಳಲ್ಲೂ "ಟ್ರಾಯ್ ಟೌನ್" ಇವೆ. ಹಳೆ ಯಹೂದಿ, ಕ್ರೈಸ್ತ ಹಸ್ತಪ್ರತಿಗಳಲ್ಲಿ ಇದೇ ಚಿತ್ರಕ್ಕೆ ಬೈಬಲ್ಲಿನ ಜೆರಿಕೋ ಪಟ್ಟಣ ಅಂತ ಬರೆದಿದ್ದಾರೆ. ಭಾರತದ್ದು ಇನ್ನೂ ಸೊಗಸು. 1030ರ ಹೊತ್ತಿಗೆ ಅಲ್ ಬಿರೂನಿ ಅನ್ನೋ ಪಂಡಿತ ನಮ್ಮ ದೇಶದ ಬಗ್ಗೆ ಬರೆದ ಗ್ರಂಥದಲ್ಲಿ ರಾವಣನ ಲಂಕೆಯ ಕೋಟೆ ಅಂತ ಒಂದು ನಕ್ಷೆ ಕೊಟ್ಟಿದ್ದಾನೆ. ಅದು ಲ್ಯಾಬಿರಿಂತ್! ಟ್ರಾಯ್, ಜೆರಿಕೋ, ಲಂಕೆ. ಮೂರೂ ಮುತ್ತಿಗೆ ಹಾಕಿ ಗೆದ್ದ ಊರುಗಳೇ.

ಕುತೂಹಲಿ_ದಾವಣಗೆರೆ

ಹಾಗಾದರೆ ನಮ್ಮದು ಏಳು ಸುತ್ತಿನ ಕೋಟೆ! ಚಿತ್ರದುರ್ಗ ಇಲ್ಲೇ ಪಕ್ಕದಲ್ಲಿದೆ. ಆ ಕೋಟೆ ಬಾಗಿಲುಗಳಲ್ಲಿ ನೇರವಾಗಿ ನುಗ್ಗೋಕೆ ಆಗಲ್ಲ. ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ, ಪಕ್ಕಕ್ಕೆ ತಿರುಗಬೇಕು. ಆನೆ ಓಡಿಬಂದು ಗುದ್ದದ ಹಾಗೆ ಮಾಡಿದ ಉಪಾಯ. ಪೈಲೋಸಿನ ಗುಮಾಸ್ತ ಗೀಚಿದ್ದೂ ಏಳೇ ಸುತ್ತು ಅಂದ್ರಲ್ಲ, ಮೈ ಜುಮ್ಮೆಂದಿತು.

ಪದದ_ಬೆನ್ನುಹತ್ತಿ

ತಮ್ಮಾ, ಸುತ್ತಿನ ಲೆಕ್ಕ ಹೊಂದಿತು ಅಂತ ಎರಡಕ್ಕೂ ನಂಟು ಕಟ್ಟಬೇಡ. ದುರ್ಗದ್ದು ಬಂಡೆ ಬೆಟ್ಟದ ಏರಿಳಿತ ನೋಡಿ ಕಟ್ಟಿದ ಕೋಟೆ. ಆದರೆ ಪದವಾಗಿ ಏಳು ಸುತ್ತಿನ ಕೋಟೆ ಬಹಳ ಚೆನ್ನಾಗಿದೆ. ಲ್ಯಾಬಿರಿಂತಿಗೆ ಅದನ್ನೇ ಇಟ್ಟುಕೊಳ್ಳೋಣ ಅಂತ ನನ್ನ ಮತ. ಗೋವಾದ ಉಸಗಳಿಮಳದಲ್ಲಿ ಕುಶಾವತಿ ಹೊಳೆ ದಂಡೆಯ ಜಂಬಿಟ್ಟಿಗೆ ಬಂಡೆಯ ಮೇಲೆ ಪ್ರಾಣಿಗಳ ಜೊತೆ ಇದೇ ಥರದ ಸುತ್ತು ಕೊರೆದಿದ್ದಾರೆ. ಕಾರವಾರದ ಕಡೆಯವರು ಹೋಗಿ ನೋಡಬಹುದು.

ಮಲೆನಾಡ_ಮನೆ

ಕವಲು ದಾರಿಯ ಮೇಜಿಗೆ ನಾನೊಂದು ಹೇಳಲಾ? ನಮ್ಮ ಕಡೆ ಕಾಡಿನಲ್ಲಿ ಒಂದು ಬಳ್ಳಿ ದಾಟಿದರೆ ದಿಕ್ಕು ತಪ್ಪುತ್ತೆ ಅಂತ ಹಿರಿಯರು ನಂಬುತ್ತಾರೆ. ಗೊತ್ತಿರೋ ಕಾಡೇ, ಆದರೂ ಹೋದಲ್ಲೇ ಹೋಗೋದು. ಅಂಥವರನ್ನು ಕಂಡರೆ "ಮರುಳು ಹಿಡಿದಿದೆ" ಅಂತಾರೆ. ನೀವು ಹೇಳಿದ 1300ರ ಮೇಜ್ ಅಂದರೆ ಇದೇ ಅಲ್ವಾ? "ಮರುಳುದಾರಿ" ಅಂದರೆ ಹೇಗೆ?

ಉಡುಪಿ_ಚೆಂಡೆ

ಮರುಳುದಾರಿ! ನನ್ನ ಓಟು ಇದಕ್ಕೆ. ಚಕ್ರವ್ಯೂಹದ ವಾದ ಬಿಟ್ಟುಕೊಟ್ಟಿಲ್ಲ, ಆದರೂ ಮಕ್ಕಳ ಬಾಯಲ್ಲಿ ಇದು ಸಲೀಸಾಗಿ ಹೊರಳುತ್ತೆ.

ಹಳೇಬೀಡು_ನೆರೆಯವ

ನನಗೂ ಒಪ್ಪಿಗೆ. ಕೇಳಿದ ಕೂಡಲೇ ಅರ್ಥ ಆಗುತ್ತೆ.

ಟೀಚರ್_ಹಾವೇರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೆಲ್ಲ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಆ ಏಳು ಸುತ್ತಿನ ಕೋಟೆಯನ್ನು ಮಕ್ಕಳ ಕೈಯಲ್ಲಿ ಬರೆಸಬಹುದಾ? ನೋಡಿದರೆ ಕಷ್ಟ ಅನ್ನಿಸುತ್ತೆ.

ಗಣಿತ_ಗೆಳೆಯ

ಕಷ್ಟ ಇಲ್ಲ ಮೇಡಂ, ಚುಕ್ಕಿ ರಂಗೋಲಿ ಬರೆಯೋ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ನೆಲದ ಮೇಲೆ ಒಂದು ಕೂಡಿಸೋ ಚಿಹ್ನೆ ಹಾಕಿ. ಅದರ ನಾಲ್ಕು ಮೂಲೆಗಳಲ್ಲಿ ಒಂದೊಂದು ಮೊಣಕೈ ಗೆರೆ. ಮೊಣಕೈಯ ಮೂಲೆ ಚಿಹ್ನೆಯ ನಡುವಿನ ಕಡೆ ಇರಲಿ, ಎರಡು ತುದಿ ಹೊರಗೆ ಚಾಚಿರಲಿ. ಪ್ರತಿ ಮೊಣಕೈಯ ಒಳಗೆ, ಹೊರಮೂಲೆಯಲ್ಲಿ, ಒಂದು ಚುಕ್ಕಿ. ಈಗ ಚೌಕದ ಸುತ್ತಲೂ ಒಟ್ಟು ಹದಿನಾರು ತುದಿ ಇವೆ. ಚುಕ್ಕಿಯೂ ಒಂದು ತುದಿಯೇ.

ಚಿಹ್ನೆಯ ಮೇಲಿನ ತುದಿಯಿಂದ ಶುರು ಮಾಡಿ, ಬಲಗಡೆ ಪಕ್ಕದ ತುದಿಗೆ ಸಣ್ಣ ಕಮಾನು ಎಳೆಯಿರಿ. ಆಮೇಲೆ ಮೇಲಿನ ತುದಿಯ ಎಡಪಕ್ಕದ ತುದಿಯಿಂದ, ಮೊದಲ ಕಮಾನಿನ ಮೇಲೆ ಹಾಯಿಸಿ, ಬಲಗಡೆ ಉಳಿದ ಮುಂದಿನ ತುದಿಗೆ. ಅದು ಚುಕ್ಕಿ. ಹೀಗೇ ಎಡಗಡೆ ಒಂದು ಹೆಜ್ಜೆ, ಬಲಗಡೆ ಒಂದು ಹೆಜ್ಜೆ ಸರಿಯುತ್ತಾ, ಒಂದರ ಮೇಲೊಂದು ಕಮಾನು ಹಾಕುತ್ತಾ ಹೋಗಿ. ಎಂಟನೇ ಕಮಾನು ಇಡೀ ಚಿತ್ರವನ್ನು ಬಳಸಿಕೊಂಡು ಬಂದು ಚಿಹ್ನೆಯ ಕೆಳತುದಿಗೆ ಸೇರಬೇಕು. ಗೆರೆ ಗೆರೆ ದಾಟಬಾರದು. ಏಳು ಓಣಿ ತಾನಾಗೇ ಸಿಗುತ್ತೆ, ಬಾಗಿಲು ಕೆಳಗಡೆ ಉಳಿಯುತ್ತೆ.

ಚಿಕ್ಕ ಮಕ್ಕಳಿಗೆ ಮೊಣಕೈ ಗೆರೆ ಬಿಟ್ಟುಬಿಡಿ. ಬರೀ ಚಿಹ್ನೆ, ನಾಲ್ಕು ಚುಕ್ಕಿ ಸಾಕು. ನಾಲ್ಕು ಕಮಾನಿಗೆ ಮೂರು ಸುತ್ತಿನ ಕೋಟೆ ಆಗುತ್ತೆ. ಅಂಗಳದಲ್ಲಿ ಬರೆದು ಅದರೊಳಗೆ ನಡೆಸೋದಾದರೆ ಕಮಾನುಗಳ ನಡುವೆ ಎರಡು ಅಡಿ ಜಾಗ ಬಿಡಿ, ಇಲ್ಲಾಂದರೆ ಬರುವವರು ಹೋಗುವವರು ಎದುರಾದಾಗ ಗೆರೆ ಅಳಿಸಿಹೋಗುತ್ತೆ.